ಕಿರುತೆರೆಯ ಅಪರಾಧಕಥೆಗಳೂ ಕೊಳ್ಳೇಗಾಲ ಸೀಮೆಯ ಚರಿತ್ರೆಯೂ

ಅಪರಾಧವನ್ನು ವಸ್ತುವಾಗಿ ಉಳ್ಳ ದೂರದರ್ಶನದ ಧಾರಾವಾಹಿಗಳಲ್ಲಿ ಕಥೆ ಗಟ್ಟಿಯಾಗಿಲ್ಲವೆಂಬ ದೂರು ಇಂದು ಸರ್ವಸಾಮಾನ್ಯವಾದುದು. ಕೊಲೆ ನಡೆಯುತ್ತದೆ, ಕೊಲೆಗೆ ಕೊಟ್ಟ ಕಾರಣ ಸಾಲದು. ಪತ್ತೇದಾರನು ಬರುತ್ತಾನೆ, ಅವನು ಸತ್ಯವನ್ನು ಮುಟ್ಟಿದ ಮಾರ್ಗ ನಮಗೆ ಕಾಣುವುದಿಲ್ಲ. ಕಡೆಯ ಕಂತಿನಲ್ಲಿ ಅಪರಾಧಿಯೇ ತನ್ನ ಬಾಯಿಂದ ಎಲ್ಲವನ್ನೂ ಒಪ್ಪಿಕೊಂಡು ಬರೆದವರ ಶ್ರಮವನ್ನು ಉಳಿಸುತ್ತಾನೆ. ಇದನ್ನು ಸಾಹಿತ್ಯವಿಮರ್ಶಕರು ವಿಚಾರಿಸಿಕೊಳ್ಳಲಿ, ಇತಿಹಾಸ ವಿಭಾಗಕ್ಕೆ ಇದರಿಂದ ಆಗಬೇಕಾದುದೇನು ಎಂದು ಕೇಳುವವರು ಇರಬಹುದು. ಕಥೆ ಪೂರ್ಣವಾಗಿ ಕಲ್ಪಿತವಾಗಿದ್ದಲ್ಲಿ ಆ ಆಕ್ಷೇಪಣೆಗೆ ಎಡೆಯುಂಟು. ಆದರೆ ನಡೆದ ಅಪರಾಧವನ್ನು ನಿಜವಾದ ಊರು, ಹೆಸರು, ಇಸವಿಗಳೊಡನೆ ತೆರೆಯ ಮೇಲೆ ತಂದಾಗ ಕಥೆಯ ದೌರ್ಬಲ್ಯವು ರಸಭಂಗವೊಂದೇ ಆಗಿ ನಿಲ್ಲುವುದಿಲ್ಲ. ಕಾರಣವನ್ನು ಬಿಟ್ಟ ಕಥೆ ಚರಿತ್ರೆಯನ್ನು ಕೆಡಿಸುತ್ತದೆ. ಆ ಕೆಟ್ಟ ಚರಿತ್ರೆಯೇ ಮುಂದಿನ ಪೀಳಿಗೆಯ ನೆನಪಾಗಿ ಉಳಿಯುತ್ತದೆ.

ಕೊಳ್ಳೇಗಾಲ, ಹನೂರು, ಯಳಂದೂರು ಪ್ರದೇಶದವರಿಗೆ ಈ ಮಾತನ್ನು ವಿಸ್ತರಿಸಿ ಹೇಳಬೇಕಾದುದಿಲ್ಲ. ಭಾರತದಲ್ಲಿ ಅತ್ಯಂತ ಹೆಚ್ಚಾಗಿ ತೆರೆಗೆ ಬಂದ ಅಪರಾಧಗಳಲ್ಲಿ ಒಂದು ಈ ಸೀಮೆಯದು. ವೀರಪ್ಪನ್ ಹುಟ್ಟಿದ ಗೋಪಿನಾಥಂ ಹಿಂದಿನ ಕೊಳ್ಳೇಗಾಲ ತಾಲ್ಲೂಕಿನ, ಇಂದಿನ ಹನೂರು ತಾಲ್ಲೂಕಿನ ಗ್ರಾಮ. ಅವನ ಮೇಲೆ ತಮಿಳಿನಲ್ಲಿ ‘ಸಂದನಕ್ಕಾಡು’ ಎಂಬ ಧಾರಾವಾಹಿ ಬಂದಿತು. ಕನ್ನಡದಲ್ಲಿ 2013ರಲ್ಲಿ ‘ಅಟ್ಟಹಾಸ’, 2016ರಲ್ಲಿ ‘ಕಿಲ್ಲಿಂಗ್ ವೀರಪ್ಪನ್’ ಎಂಬ ಚಲನಚಿತ್ರಗಳು ಬಂದು, ಬಳಿಕ ಕಿರುತೆರೆಯಲ್ಲಿಯೂ ಮನೆಮನೆಯನ್ನು ಹೊಕ್ಕವು. 2023ರಲ್ಲಿ ಅಂತರ್ಜಾಲದ ಮೂಲಕ ಎರಡು ಸಾಕ್ಷ್ಯಚಿತ್ರಮಾಲೆಗಳು ಪ್ರಸಾರವಾದುವು. ಇವಲ್ಲದೆ ಸುದ್ದಿವಾಹಿನಿಗಳು ರಾತ್ರಿಯ ಹೊತ್ತಿನಲ್ಲಿ ನಟರನ್ನಿಟ್ಟು ಪುನರಭಿನಯಿಸಿ ತೋರಿಸಿದ ಕಂತುಗಳಿಗೆ ಲೆಕ್ಕವಿಲ್ಲ. ಇಷ್ಟೆಲ್ಲ ನೋಡಿಯೂ ಈ ಸೀಮೆಯ ಪ್ರೇಕ್ಷಕನಿಗೆ ತೃಪ್ತಿಯಿಲ್ಲ. ಆ ಅತೃಪ್ತಿಯ ಸ್ವರೂಪವನ್ನು ಪರಿಶೀಲಿಸುವುದೇ ಪ್ರಕೃತ ಲೇಖನದ ಉದ್ದೇಶ.

ಮೊದಲು, ಅಪರಾಧಕಥೆಯೆಂಬುದು ಕನ್ನಡಕ್ಕೆ ಹೊರಗಿನಿಂದ ಬಂದ ಸರಕೆಂಬ ಭಾವನೆಯನ್ನು ಬಿಡುವುದು ಲೇಸು. ವಡ್ಡಾರಾಧನೆಯ ಹತ್ತೊಂಬತ್ತು ಕಥೆಗಳಲ್ಲಿ ವಿದ್ಯುಚ್ಚೋರನ ಕಥೆ ಒಂದು. ಸುಮಾರು ಸಾವಿರದ ನೂರು ವರ್ಷಗಳಷ್ಟು ಹಳೆಯದಾದ ಆ ಗದ್ಯವನ್ನು ಇಂದು ಓದಿದರೂ ಅದರ ಕಥನಚಾತುರ್ಯಕ್ಕೆ ಬೆರಗಾಗಬೇಕು. ಅರಮನೆಯ ಹಾರ ಕಳುವಾಗುತ್ತದೆ. ಕಳ್ಳನನ್ನು ಹಿಡಿಯಲು ತಳಾರನಿಗೆ ಅರಸನು ಗಡುವು ಕೊಡುತ್ತಾನೆ. ಗಡುವು ತೀರಿದ ದಿನ ತಳಾರನು ಕುಷ್ಠರೋಗಿಯೊಬ್ಬನನ್ನು ತಂದು ನಿಲ್ಲಿಸಿ, ಇವನೇ ಕಳ್ಳನೆನ್ನುತ್ತಾನೆ. ಇಡೀ ರಾತ್ರಿ ಬಗೆಬಗೆಯಾಗಿ ದಂಡಿಸಿದರೂ ಆ ಮನುಷ್ಯ ತಾನು ಕಳ್ಳನಲ್ಲವೆಂದೇ ಹೇಳುತ್ತಾನೆ. ಮಾರನೆಯ ದಿನ ಅರಸನು ಅಭಯಕೊಟ್ಟ ಮೇಲೆ, ಯಾವ ಹಿಂಸೆಯೂ ಇಲ್ಲದ ಹೊತ್ತಿನಲ್ಲಿ, ತಾನೇ ವಿದ್ಯುಚ್ಚೋರನೆಂದು ಒಪ್ಪಿಕೊಳ್ಳುತ್ತಾನೆ. ಆಗ ಹೊರಬೀಳುವ ಸಂಗತಿಯೇ ಕಥೆಯ ತಿರುಳು: ಕಳ್ಳನೂ ತಳಾರನೂ ಬಾಲ್ಯದಲ್ಲಿ ಒಟ್ಟಿಗೆ ಓದಿದವರು, ಅಂದು ಆಡಿದ ಪಂತವೊಂದು ಅವರನ್ನು ಇಲ್ಲಿಯವರೆಗೆ ತಂದಿದೆ.

ಕದ್ದವನು ಯಾರೆಂಬುದನ್ನು ಆ ಕಥೆಗಾರನು ಬಚ್ಚಿಡುವುದಕ್ಕೆ ಹೆಣಗುವುದಿಲ್ಲ. ಕದ್ದುದೇಕೆ ಎಂಬುದನ್ನು ಕಡೆಯವರೆಗೆ ಉಳಿಸಿಕೊಳ್ಳುತ್ತಾನೆ. ಅದಕ್ಕಿಂತ ಮುಖ್ಯವಾದುದು, ಹಿಂಸೆಯಿಂದ ಸತ್ಯ ಹೊರಡುವುದಿಲ್ಲವೆಂಬುದನ್ನು ಉಪದೇಶವಾಗಿ ಹೇಳದೆ ಕಥೆಯ ನಡೆಯಿಂದಲೇ ತೋರಿಸಿರುವುದು. ಇಂದಿನ ಧಾರಾವಾಹಿಗಳಲ್ಲಿ ಇನ್‌ಸ್ಪೆಕ್ಟರು ಕೆನ್ನೆಗೆ ಎರಡು ಬಾರಿಸಿದೊಡನೆ ಸತ್ಯ ಉದುರುವುದನ್ನು ಕಂಡಾಗ, ಈ ವಿಷಯದಲ್ಲಿ ನಾವು ಹಿಂದಕ್ಕೆ ಸರಿದಿದ್ದೇವೆಂದೇ ಹೇಳಬೇಕಾಗಿದೆ.

ಹೊಸಗಾಲದಲ್ಲಿ ಎನ್. ನರಸಿಂಹಯ್ಯನವರು ನೂರಾರು ಪತ್ತೇದಾರಿ ಕಾದಂಬರಿಗಳನ್ನು ಬರೆದು, ‘ಪತ್ತೇದಾರ ಪುರುಷೋತ್ತಮ’ನನ್ನು ಮನೆಮಾತಾಗಿ ಮಾಡಿ, ಅಕ್ಷರ ಕಲಿತಷ್ಟೇ ಇದ್ದ ಸಾವಿರಾರು ಮಂದಿಯನ್ನು ಓದುಗರನ್ನಾಗಿ ಮಾಡಿದರು. ಅವುಗಳಲ್ಲಿ ಸಾಹಿತ್ಯಗುಣವೆಷ್ಟೆಂಬುದು ಬೇರೆ ಪ್ರಶ್ನೆ. ಓದುಗನಿಗೆ ಕೊಟ್ಟ ಮಾತನ್ನು ಅವು ಉಳಿಸಿಕೊಳ್ಳುತ್ತಿದ್ದುವು. ಗಂಟು ಹಾಕಿದವರೇ ಗಂಟು ಬಿಚ್ಚುತ್ತಿದ್ದರು. ದೂರದರ್ಶನದಲ್ಲಿಯೂ ಆರಂಭ ಚೆನ್ನಾಗಿಯೇ ಇದ್ದಿತು. 1985ರ ‘ಕರಮ್‌ಚಂದ್’, 1993ರ ‘ಬ್ಯೋಮಕೇಶ್ ಬಕ್ಷಿ’ ಹಿಂದಿಯಲ್ಲಿದ್ದರೂ ಕರ್ನಾಟಕದಲ್ಲಿ ಆದರದಿಂದ ನೋಡಲ್ಪಟ್ಟುವು. ಎರಡನೆಯದಕ್ಕೆ ಶರದಿಂದು ಬಂದ್ಯೋಪಾಧ್ಯಾಯರ ಬಂಗಾಳಿ ಕಥೆಗಳ ಆಧಾರವಿದ್ದುದರಿಂದ ಕಥೆ ಮೊದಲೇ ಸಿದ್ಧವಾಗಿತ್ತು. ಖಾಸಗಿ ವಾಹಿನಿಗಳು ಬಂದು, ವಾರಕ್ಕೆ ಐದು ದಿನ ಕಂತು ಒದಗಿಸಬೇಕಾದ ಕಾಲ ಬಂದ ಮೇಲೆ ಸ್ಥಿತಿ ಬದಲಾಯಿತು. ಬೆಳಗ್ಗೆ ಬರೆದ ಸಂಭಾಷಣೆಯನ್ನು ಮಧ್ಯಾಹ್ನ ಚಿತ್ರೀಕರಿಸುವ ತರಾತುರಿಯಲ್ಲಿ ಅಪರಾಧಕಥೆಯಂತಹ ಹಿಂದುಮುಂದಿನ ಲೆಕ್ಕ ಬೇಡುವ ಪ್ರಕಾರ ಬದುಕುವುದು ಕಷ್ಟ. ಜಾಹೀರಾತಿನ ಬಿಡುವಿಗೆ ಮುಂಚೆ ಒಂದು ಬೆಚ್ಚುವ ಗಳಿಗೆ ಬೇಕು. ಬಿಡುವಿನ ಮೇಲೆ ಅದು ಹುಸಿಯೆಂದು ತಿಳಿಯಬೇಕು. ನಾಲ್ಕು ಬಿಡುವಿಗೆ ನಾಲ್ಕು ಹುಸಿ. ಇಂತಹ ಹುಸಿಗಳ ನಡುವೆ ಕಾರಣಪರಂಪರೆಗೆ ಜಾಗವೆಲ್ಲಿ? ಕಲ್ಪಿತ ಕಥೆಯಲ್ಲಿ ಇದು ಕ್ಷಮ್ಯವೆನ್ನೋಣ. ಇದೇ ಅಚ್ಚಿಗೆ ಕೊಳ್ಳೇಗಾಲದ ಚರಿತ್ರೆಯನ್ನು ಹೊಯ್ದಾಗ ಆಗುವುದೇನೆಂಬುದು ಮುಂದಿನ ವಿಚಾರ.

ತೆರೆಯ ಕಥೆಗಳು ಸಾಮಾನ್ಯವಾಗಿ ಮೀಸೆಯಿಂದ ಆರಂಭವಾಗಿ ಗುಂಡಿನ ಸದ್ದಿನಲ್ಲಿ ಮುಗಿಯುತ್ತವೆ. ಒಬ್ಬ ಹುಡುಗ, ಅವನ ಕೈಗೆ ಸಿಕ್ಕ ಬಂದೂಕು, ಮೊದಲ ಆನೆ, ಮೊದಲ ಕೊಲೆ. ಕಡೆಗೆ 2004ರ ಅಕ್ಟೋಬರ್ 18ರ ರಾತ್ರಿ ಧರ್ಮಪುರಿ ಜಿಲ್ಲೆಯ ಪಾಪಾರಪಟ್ಟಿಯ ಬಳಿ ತಮಿಳುನಾಡಿನ ವಿಶೇಷ ಕಾರ್ಯಪಡೆ ಸಜ್ಜುಗೊಳಿಸಿದ್ದ ಆಂಬ್ಯುಲೆನ್ಸ್. ಹುಟ್ಟಿನಿಂದ ಸಾವಿನವರೆಗೆ ಒಬ್ಬನ ಆಯುಸ್ಸನ್ನೇ ಕಥೆಯ ಅಳತೆಯಾಗಿ ಹಿಡಿದರೆ, ಹೇಳಬೇಕಾದುದರಲ್ಲಿ ಅರ್ಧಕ್ಕಿಂತ ಹೆಚ್ಚು ಹೊರಗೆ ಉಳಿಯುತ್ತದೆ. ಏಕೆಂದರೆ ಈ ಕಥೆ ಅವನಿಗಿಂತ ಬಹಳ ಹಿಂದೆ ತೊಡಗಿದೆ; ಅವನೊಡನೆ ಮುಗಿದೂ ಇಲ್ಲ.

ಹಿಂದಿನದನ್ನು ನೋಡೋಣ. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಕೊಯಮತ್ತೂರು ಪ್ರಾಂತವು ಕಂಪೆನಿಯ ವಶವಾಯಿತು. ಕೊಳ್ಳೇಗಾಲವೂ ಅದರೊಡನೆ ಹೋಯಿತು. ಯಳಂದೂರು ಮೈಸೂರಿನಲ್ಲಿ, ನೆರೆಯ ಕೊಳ್ಳೇಗಾಲ ಮದರಾಸಿನಲ್ಲಿ, ಹೀಗೆ ಒಂದೇ ಮಾತಿನ ಜನ ಒಂದೂವರೆ ಶತಮಾನ ಎರಡು ಆಡಳಿತಗಳಲ್ಲಿ ಬಾಳಿದರು. 1956ರ ನವೆಂಬರ್ 1ರಂದು ರಾಜ್ಯಗಳ ಪುನರ್ವಿಂಗಡಣೆಯಾದಾಗ ಕೊಳ್ಳೇಗಾಲ ತಾಲ್ಲೂಕು ಮೈಸೂರು ರಾಜ್ಯಕ್ಕೆ ಸೇರಿತು. ಅಂದರೆ 1952ರಲ್ಲಿ ಗೋಪಿನಾಥದಲ್ಲಿ ಹುಟ್ಟಿದ ಮಗುವೊಂದು ಹುಟ್ಟಿದ್ದು ಮದರಾಸು ರಾಜ್ಯದಲ್ಲಿ. ನಡೆದಾಡಲು ಕಲಿತ ಅಂಗಳವೇ ಐದನೆಯ ವರ್ಷಕ್ಕೆ ಬೇರೆ ರಾಜ್ಯವಾಗಿತ್ತು. ಮನೆಯ ಮಾತು ತಮಿಳು, ಕಛೇರಿಯ ಮಾತು ಕನ್ನಡ, ನಂಟರು ಆಚೆಯ ದಡದಲ್ಲಿ, ಸಂತೆ ಎರಡು ಕಡೆಯೂ. ನಕ್ಷೆಯಲ್ಲಿ ಗೆರೆ ಬಂದಿತೇ ಹೊರತು ಕಾಡಿನಲ್ಲಿ ಬೇಲಿ ಬರಲಿಲ್ಲ. ಒಂದು ರಾಜ್ಯದ ಪೊಲೀಸರು ಅಟ್ಟಿದರೆ ಇನ್ನೊಂದಕ್ಕೆ ದಾಟುವ ಅನುಕೂಲ ಮುಂದೆ ಎಷ್ಟು ದೊಡ್ಡದಾಯಿತೆಂಬುದನ್ನು ಎಲ್ಲರೂ ಬಲ್ಲರು. ಆದರೆ ಧಾರಾವಾಹಿಯಲ್ಲಿ ಗಡಿಯೆಂದರೆ ಒಂದು ಫಲಕ, ಅಷ್ಟೆ.

ಎರಡನೆಯದು ಗಂಧದ ಮರ. ಮೈಸೂರಿನಲ್ಲಿ ಟಿಪ್ಪುವಿನ ಕಾಲದಿಂದ ಅದು ರಾಜವೃಕ್ಷ. ರೈತನ ಹೊಲದ ಬದುವಿನಲ್ಲಿ ತಾನಾಗಿ ಬೆಳೆದರೂ ಮರ ಸರಕಾರದ್ದು. ಕಡಿದು ಹೋದರೆ ಕೇಳುವುದು ರೈತನನ್ನು. 2001ರ ತಿದ್ದುಪಡಿಯವರೆಗೆ ಕರ್ನಾಟಕದ ಅರಣ್ಯ ಕಾನೂನಿನಲ್ಲಿ ಈ ಸ್ಥಿತಿ ಮುಂದುವರಿಯಿತು. ಮರವನ್ನು ಕಾಯುವುದರಲ್ಲಿ ಲಾಭವಿಲ್ಲ, ಕಂಡೂ ಕಾಣದಂತಿರುವುದರಲ್ಲಿ ಕ್ಷೇಮ ಎಂಬ ನಡವಳಿಕೆ ಗ್ರಾಮಗಳಲ್ಲಿ ಬೆಳೆದುದಕ್ಕೆ ಇದಕ್ಕಿಂತ ಬೇರೆ ಕಾರಣ ಹುಡುಕಬೇಕಾಗಿಲ್ಲ. ದಂತದ ವಿಷಯವೂ ಹಾಗೆಯೇ. ಏಷ್ಯಾದ ಆನೆಗಳಲ್ಲಿ ಉದ್ದನೆಯ ದಂತವಿರುವುದು ಗಂಡಿಗೆ ಮಾತ್ರ; ಆದುದರಿಂದ ದಂತಚೋರರ ಗುಂಡು ಗಂಡಾನೆಗಳನ್ನು ಆರಿಸಿ ಆರಿಸಿ ತೆಗೆಯಿತು. 1980ರ ದಶಕದ ಆದಿಯಲ್ಲಿ ಚಾಮರಾಜನಗರ, ಸತ್ಯಮಂಗಲದ ಕಾಡುಗಳಲ್ಲಿ ಆನೆಗಳನ್ನು ಅಭ್ಯಾಸಮಾಡಿದ ಆರ್. ಸುಕುಮಾರ್ ಅವರ 1989ರ ಗ್ರಂಥದಲ್ಲಿ ಇದರ ಪರಿಣಾಮವನ್ನು ನೋಡಬಹುದು. ತೆರೆಯ ಮೇಲೆ ಬರುವುದು ಸಾವಿರ, ಎರಡು ಸಾವಿರ ಎಂಬ ದುಂಡನೆಯ ಅಂಕಿಗಳು. ಅವನ್ನು ಎಣಿಸಿದವರು ಯಾರೆಂದು ಯಾವ ಪಾತ್ರವೂ ಕೇಳುವುದಿಲ್ಲ. ಕೊಂಡವರು ಯಾರೆಂಬುದಂತೂ ಇನ್ನೂ ದೂರ. ದಂತವನ್ನು ಕಾಡಿನಲ್ಲಿ ತಿನ್ನುವವರಿಲ್ಲ. ಅದು ಪೇಟೆಗೆ ಹೋಗಿಯೇ ಹಣವಾಗಬೇಕು. ಪೇಟೆಯಿಲ್ಲದ ಕಳ್ಳಸಾಗಣೆಯ ಕಥೆ, ಕೊಳ್ಳುವವನಿಲ್ಲದ ಸಂತೆಯ ಹಾಗೆ.

ಈಗ 1990ರಿಂದ 1993ರವರೆಗಿನ ಮೂರು ವರ್ಷಗಳಿಗೆ ಬರೋಣ. ಕಥೆಯ ದೃಷ್ಟಿಯಿಂದ ಇಷ್ಟು ಒತ್ತಾದ ಕಾರಣಸಂಬಂಧವುಳ್ಳ ಕಾಲ ಈ ಸೀಮೆಯ ಚರಿತ್ರೆಯಲ್ಲಿ ಇನ್ನೊಂದಿಲ್ಲ. ಬರೆಯುವವರು ಕೈಹಾಕಬೇಕಾದುದು ಇಲ್ಲಿಗೇ. ಅವರು ಓಡುನಡೆಯಲ್ಲಿ ದಾಟುವುದೂ ಇದನ್ನೇ.

ಅರಣ್ಯಾಧಿಕಾರಿ ಪಿ. ಶ್ರೀನಿವಾಸ್ ಗೋಪಿನಾಥಕ್ಕೆ ಹೋಗಿ ನೆಲಸಿ, ಹಳ್ಳಿಯವರಿಗೆ ಔಷಧೋಪಚಾರ ಮಾಡಿಸಿ, ಮನೆಗಳನ್ನು ಕಟ್ಟಿಸಿ, ಮಾರಿಯಮ್ಮನ ಗುಡಿಯನ್ನು ಎಬ್ಬಿಸಿದರು. ಕಾಡುಗಳ್ಳನ ಸಹಚರರು ಒಬ್ಬೊಬ್ಬರಾಗಿ ಶರಣಾಗತರಾಗುವಂತೆ ಮಾಡುವುದು ಅವರ ಮಾರ್ಗ. ಶರಣಾದವರಲ್ಲಿ ವೀರಪ್ಪನ ತಮ್ಮ ಅರ್ಜುನನೂ ಇದ್ದನು. 1991ರ ನವೆಂಬರ್ 10ರಂದು, ವೀರಪ್ಪನೂ ಶರಣಾಗಲು ಒಪ್ಪಿದ್ದಾನೆಂಬ ಮಾತನ್ನು ನಂಬಿ, ಆಯುಧವಿಲ್ಲದೆ ಕಾಡಿಗೆ ಹೋದ ಅವರನ್ನು ಕೊಲ್ಲಲಾಯಿತು. ಭಾರತ ಸರಕಾರವು ಮರಣೋತ್ತರವಾಗಿ ಕೀರ್ತಿಚಕ್ರವನ್ನಿತ್ತಿತು. ಗೋಪಿನಾಥದವರು ಇಂದಿಗೂ ಅವರ ಸ್ಮರಣೆಯನ್ನು ಗುಡಿಯಲ್ಲಿ ಇರಿಸಿಕೊಂಡಿದ್ದಾರೆ. ಕಾಡುಗಳ್ಳನ ಊರೇ ಅವನಿಂದ ಹತನಾದ ಅಧಿಕಾರಿಯನ್ನು ಪೂಜ್ಯಭಾವದಿಂದ ಕಾಣುತ್ತದೆಂಬ ಈ ಒಂದು ಸಂಗತಿ, ‘ಹಳ್ಳಿಯವರೆಲ್ಲ ಅವನ ಪಕ್ಷ’ ಎಂದು ಹೇಳುವ ನೂರು ಕಂತುಗಳನ್ನು ಸುಳ್ಳುಮಾಡಲು ಸಾಕು. ಆದರೂ ತೆರೆಯ ಶ್ರೀನಿವಾಸರು ಸಾಮಾನ್ಯವಾಗಿ ಬರುವುದು ಸಾಯುವುದಕ್ಕಾಗಿ. ಅವರ ಮಾರ್ಗವು ಮುಂದುವರಿದಿದ್ದರೆ ಏನಾಗುತ್ತಿತ್ತೆಂಬ ಪ್ರಶ್ನೆಯನ್ನು ಪ್ರೇಕ್ಷಕನ ಮನಸ್ಸಿನಲ್ಲಿ ಎಬ್ಬಿಸುವಷ್ಟು ಹೊತ್ತು ಅವರು ಬದುಕಿರುವುದಿಲ್ಲ.

1992ರ ಮೊದಲ ಭಾಗದಲ್ಲಿ ವೀರಪ್ಪನ ಮುಖ್ಯ ಸಹಚರ ಗುರುನಾಥನ್ ಪೊಲೀಸರಿಂದ ಹತನಾದನು. ಮೇ ತಿಂಗಳಲ್ಲಿ ರಾಮಾಪುರದ ಪೊಲೀಸ್ ಠಾಣೆಯ ಮೇಲೆ ರಾತ್ರಿ ದಾಳಿಯಾಗಿ ಐವರು ಪೊಲೀಸರು ಸತ್ತರು. ಆಗಸ್ಟ್ 14ರಂದು ಮೀಣ್ಯಂ ಬಳಿ, ದಂತ ಕೊಳ್ಳುವ ವ್ಯಾಪಾರಿಗಳಂತೆ ಹೊರಟ ಪೊಲೀಸ್ ಅಧೀಕ್ಷಕ ಟಿ. ಹರಿಕೃಷ್ಣ, ಸಬ್ ಇನ್‌ಸ್ಪೆಕ್ಟರ್ ಶಕೀಲ್ ಅಹಮದ್ ಮತ್ತು ನಾಲ್ವರು ಪೇದೆಗಳು ಹೊಂಚಿಗೆ ಸಿಕ್ಕಿ ಹತರಾದರು. ಬೇಟೆಗೆ ಒಡ್ಡಿದ ಬಲೆಯೇ ಬೇಟೆಗಾರನ ಮೇಲೆ ಬಿದ್ದಿತು. 1993ರ ಏಪ್ರಿಲ್ 9ರಂದು ಪಾಲಾರ್ ಬಳಿ ನೆಲಬಾಂಬು ಸಿಡಿದು 22 ಮಂದಿ ಮಡಿದರು. ಅವರಲ್ಲಿ ಪೊಲೀಸರೂ ಅರಣ್ಯ ಸಿಬ್ಬಂದಿಯೂ ಜೊತೆಗೆ ಕರೆದೊಯ್ದಿದ್ದ ಸಾಮಾನ್ಯರೂ ಇದ್ದರು. ಇವುಗಳಲ್ಲಿ ಒಂದೊಂದೂ ಹಿಂದಿನದಕ್ಕೆ ಉತ್ತರ, ಮುಂದಿನದಕ್ಕೆ ಬೀಜ. ಕ್ರಮ ತಪ್ಪಿಸಿದರೆ ಅರ್ಥವೇ ತಪ್ಪುತ್ತದೆ. ಅಪರಾಧಕಥೆಯನ್ನು ಬರೆಯುವವನಿಗೆ ಕಲ್ಪನೆಯ ಅಗತ್ಯವೇ ಇಲ್ಲದಷ್ಟು ಬಿಗಿಯಾದ ಸರಣಿ ಚರಿತ್ರೆಯಲ್ಲಿಯೇ ಸಿದ್ಧವಾಗಿರುವಾಗ, ಕಾಲವನ್ನು ಹಿಂದುಮುಂದಾಗಿಸಿ, ಘಟನೆಗಳನ್ನು ಒಂದಕ್ಕೊಂದು ಬೆಸೆದು, ನಡುವೆ ಒಂದು ಪ್ರೇಮಪ್ರಸಂಗವನ್ನು ತುರುಕುವುದು ಏತಕ್ಕೆ ಎಂಬುದು ನನಗೆ ಇಂದಿಗೂ ತಿಳಿಯದು. ಉತ್ಕಂಠೆಗಾಗಿ ಎನ್ನುತ್ತಾರೆ. ಮೀಣ್ಯಂನ ದಾರಿಯಲ್ಲಿ ಇಲ್ಲದ ಉತ್ಕಂಠೆ ಇನ್ನೆಲ್ಲಿದೆ?

ಕೊಳ್ಳೇಗಾಲ ತಾಲ್ಲೂಕಿನ ಧನಗೆರೆಯಲ್ಲಿ ಇಂತಹ ಕಂತುಗಳನ್ನು ಗ್ರಾಮಸ್ಥರೊಡನೆ ಕುಳಿತು ನೋಡುವ ಸಂದರ್ಭ ನನಗೆ ಕೆಲವು ಬಾರಿ ಒದಗಿತು. ಧನಗೆರೆಯಲ್ಲಿ ಇಂದು ಐವತ್ತು ದಾಟಿದವರಿಗೆ ಆ ದಿನಗಳ ರಾತ್ರಿಯ ಬಸ್ಸುಗಳು ನಿಂತುದು, ದಾರಿಯ ತಪಾಸಣೆ, ಬೆಟ್ಟದ ಜಾತ್ರೆಗೆ ಹೋಗುವವರ ಅಂಜಿಕೆ ಎಲ್ಲವೂ ಕಣ್ಣಿಗೆ ಕಟ್ಟಿದಂತಿವೆ. ಅವರ ಟೀಕೆಗಳು ಸಾಹಿತ್ಯಶಾಸ್ತ್ರದ ಪರಿಭಾಷೆಯಲ್ಲಿ ಇರಲಿಲ್ಲ. ಕಾಡಿನ ದೃಶ್ಯ ಬಂದಾಗ ಒಬ್ಬರು, ಇದು ನಮ್ಮ ಕಾಡಲ್ಲ, ಇಷ್ಟು ಹಸಿರು ಇಲ್ಲೆಲ್ಲಿದೆ ಎಂದರು. ಮಾತು ನಿಜ. ಮಲೆ ಮಹದೇಶ್ವರ ಬೆಟ್ಟದ ಸುತ್ತಿನ ಕಾಡು ಬಹುಪಾಲು ಒಣಗಾಡು. ಬೇಸಗೆಯಲ್ಲಿ ಎಲೆ ಉದುರಿ ಬಹುದೂರ ಕಾಣಿಸುತ್ತದೆ. ಯಾರು ಯಾವ ತಿಂಗಳಲ್ಲಿ ಎಲ್ಲಿ ಅಡಗಬಲ್ಲರೆಂಬುದು ಇದರಿಂದ ನಿರ್ಧಾರವಾಗುತ್ತದೆ. ಮಲೆನಾಡಿನ ಮಳೆಗಾಡಿನಲ್ಲಿ ಚಿತ್ರೀಕರಿಸಿದರೆ ಕಣ್ಣಿಗೆ ಇಂಪು, ಕಥೆಗೆ ಕೇಡು. ಇನ್ನೊಬ್ಬ ಹಿರಿಯರು ಕಡೆಯವರೆಗೆ ಸುಮ್ಮನಿದ್ದು, ಮುಗಿದ ಮೇಲೆ ಕೇಳಿದ್ದು ಒಂದೇ ಮಾತು: “ಅಲ್ಲ ಮೇಷ್ಟ್ರೇ, ಇವ್ರು ಕಾಮಗೆರೆ ವಿಷ್ಯ ಯೇಳ್ನೇ ಇಲ್ವಲ್ಲಾ?”

ಕಾಮಗೆರೆಯ ವಿಷಯವೆಂದರೆ ಮಾಜಿ ಸಚಿವ ಎಚ್. ನಾಗಪ್ಪನವರದು. 2002ರ ಆಗಸ್ಟ್ 25ರ ರಾತ್ರಿ ಅವರನ್ನು ಕಾಮಗೆರೆಯ ಮನೆಯಿಂದ ಒಯ್ದರು. ಡಿಸೆಂಬರ್ 8ರಂದು ಚಂಗಡಿಯ ಕಾಡಿನಲ್ಲಿ ಅವರ ಶವ ಸಿಕ್ಕಿತು. ನಡುವೆ 105 ದಿನ. ಎರಡು ವರ್ಷ ಹಿಂದೆ, 2000ದ ಜುಲೈ 30ರಂದು ದೊಡ್ಡ ಗಾಜನೂರಿನಿಂದ ಒಯ್ಯಲ್ಪಟ್ಟ ಡಾ. ರಾಜಕುಮಾರ್ ಅವರು ಬಿಡುಗಡೆಯಾದುದು 108 ದಿನಗಳ ಮೇಲೆ, ನವೆಂಬರ್ 15ರಂದು. ಅವಧಿ ಹೆಚ್ಚುಕಡಿಮೆ ಒಂದೇ. ಮೊದಲನೆಯದರಲ್ಲಿ ಎರಡು ರಾಜ್ಯಗಳ ಮುಖ್ಯಮಂತ್ರಿಗಳು, ಸಂಧಾನಕಾರರು, ಪತ್ರಿಕೆಗಳು, ನಿಂತುಹೋದ ಚಿತ್ರಮಂದಿರಗಳು, ಎಲ್ಲವೂ ಇದ್ದುವು; ಅದು ತೆರೆಯ ಮೇಲೆ ಮತ್ತೆ ಮತ್ತೆ ಬಂದಿದೆ. ಎರಡನೆಯದು ಸಾವಿನಲ್ಲಿ ಮುಗಿಯಿತು; ಸಾವು ಹೇಗಾಯಿತೆಂಬುದರ ಮೇಲೆ ಪರಸ್ಪರ ವಿರುದ್ಧವಾದ ಹೇಳಿಕೆಗಳು ಅಂದೇ ಹೊರಟುವು. ಪತ್ತೇದಾರಿ ಕಥೆಗೆ ವಸ್ತುವಾಗಬೇಕಾದುದು, ನ್ಯಾಯವಾಗಿ, ಈ ಎರಡನೆಯದು. ಆದರೆ ಇದಕ್ಕೆ ಸಿಕ್ಕಿದುದು ಬಹುತೇಕ ಒಂದು ಅಡಿಟಿಪ್ಪಣಿಯ ಸ್ಥಾನ. ನಾಗಪ್ಪನವರನ್ನು ಮತ ಕೊಟ್ಟು ಗೆಲ್ಲಿಸಿದ, ಅವರ ಮನೆಯ ಬಾಗಿಲಿಗೆ ಅರ್ಜಿ ಹಿಡಿದು ಹೋದ ಜನರಿಗೆ ಇದು ಕಥೆಯಲ್ಲಿನ ಬಿರುಕಾಗಿಯೇ ಕಾಣುತ್ತದೆ. ಆ ಹಿರಿಯರ ಪ್ರಶ್ನೆಯಲ್ಲಿ ಇದ್ದುದು ಊರಿನ ಅಭಿಮಾನ ಮಾತ್ರವೆಂದು ನಾನು ಭಾವಿಸುವುದಿಲ್ಲ. ಸಮಾನವಾದ ಎರಡು ಘಟನೆಗಳ ಅಂತ್ಯ ಬೇರೆಬೇರೆಯಾದುದೇಕೆ ಎಂದು ವಿಚಾರಿಸುವುದು ಇತಿಹಾಸಕಾರನ ಮೊದಲ ಕೆಲಸ. ಅವರು ಕೇಳಿದ್ದೂ ಅದನ್ನೇ.

ರಾಜಕುಮಾರ್ ಪ್ರಕರಣದ ಒಳಗೆ ಇನ್ನೊಂದು ಕಥೆಯಿದೆ. ಅಪಹರಣಕಾರರ ಬೇಡಿಕೆಗಳಲ್ಲಿ ಮೈಸೂರಿನ ಸೆರೆಮನೆಯಲ್ಲಿದ್ದ ಟಾಡಾ ಬಂದಿಗಳ ಬಿಡುಗಡೆಯೂ ಸೇರಿತ್ತು. ಸರಕಾರವು ಅವರ ಮೇಲಿನ ಆರೋಪಗಳನ್ನು ಹಿಂದೆಗೆದುಕೊಳ್ಳಲು ಮುಂದಾಯಿತು. ಇದನ್ನು ಪ್ರಶ್ನಿಸಿ ಸರ್ವೋಚ್ಚ ನ್ಯಾಯಾಲಯಕ್ಕೆ ಹೋದವರು ಅಬ್ದುಲ್ ಕರೀಂ, ಮೀಣ್ಯಂನಲ್ಲಿ ಹತನಾದ ಸಬ್ ಇನ್‌ಸ್ಪೆಕ್ಟರ್ ಶಕೀಲ್ ಅಹಮದ್ ಅವರ ತಂದೆ. 2000ದ ನವೆಂಬರ್ 7ರಂದು ನ್ಯಾಯಾಲಯವು ಅವರ ಪರವಾಗಿ ತೀರ್ಪಿತ್ತು, ಆರೋಪಗಳನ್ನು ಹಿಂದೆಗೆಯುವುದಕ್ಕೆ ತಡೆಹಾಕಿತು. ಒಂದು ಕಡೆ ನಾಡೇ ಪ್ರೀತಿಸಿದ ನಟನ ಪ್ರಾಣ. ಇನ್ನೊಂದು ಕಡೆ ಮಗನನ್ನು ಕಳೆದುಕೊಂಡ ತಂದೆ ಕಾನೂನಿನ ಮುಂದಿಟ್ಟ ಪ್ರಶ್ನೆ. ಮೂರನೆಯ ಕಡೆ, ಆ ಬಂದಿಗಳಲ್ಲಿ ಬಹುಮಂದಿ ನಿರಪರಾಧಿಗಳೆಂಬುದು ಮುಂದೆ ಹೊರಬೀಳಬೇಕಾಗಿದ್ದ ಸತ್ಯ. ಯಾರ ಪಕ್ಷವನ್ನು ಹಿಡಿದರೂ ಉಳಿದಿಬ್ಬರಿಗೆ ಅನ್ಯಾಯವಾಗುವಂತಹ ಇಕ್ಕಟ್ಟು ನಾಟಕಕಾರನಿಗೆ ಎಷ್ಟು ಬಾರಿ ಸಿಕ್ಕೀತು? ನಾನು ನೋಡಿದ ನಾಟಕರೂಪದ ನಿರೂಪಣೆಗಳಲ್ಲಿ ಯಾವುದೂ ಇದನ್ನು ಕಥೆಯ ನಡುಮನೆಗೆ ತಂದಿಲ್ಲ.

ಟಾಡಾ ಬಂದಿಗಳ ಮಾತು ಬಂದುದರಿಂದ ಅವರ ಗತಿಯನ್ನೂ ಹೇಳಬೇಕು. 1993ರ ಬಳಿಕ ಈ ಕಾನೂನಿನಡಿ ಹಿಡಿಯಲ್ಪಟ್ಟ ನೂರಕ್ಕೂ ಮಿಕ್ಕ ಆರೋಪಿಗಳಲ್ಲಿ ಬಹುಪಾಲು ಮಂದಿಯನ್ನು 2001ರಲ್ಲಿ ಮೈಸೂರಿನ ವಿಶೇಷ ನ್ಯಾಯಾಲಯವು ನಿರ್ದೋಷಿಗಳೆಂದು ಬಿಟ್ಟಿತು. ಅವರಲ್ಲಿ ಅನೇಕರು ಅಷ್ಟು ಹೊತ್ತಿಗೆ ವರ್ಷಗಟ್ಟಲೆ ಸೆರೆಯಲ್ಲಿ ಕಳೆದಿದ್ದರು. ಪಾಲಾರ್ ಸ್ಫೋಟದ ಪ್ರಕರಣದಲ್ಲಿ ಜೀವಾವಧಿ ಶಿಕ್ಷೆಯಾದ ನಾಲ್ವರಿಗೆ 2004ರ ಜನವರಿಯಲ್ಲಿ ಸರ್ವೋಚ್ಚ ನ್ಯಾಯಾಲಯವು ಮರಣದಂಡನೆಯನ್ನು ವಿಧಿಸಿತು. ಹತ್ತು ವರ್ಷಗಳ ಮೇಲೆ, 2014ರ ಜನವರಿ 21ರಂದು, ಕ್ಷಮಾದಾನದ ಅರ್ಜಿಯ ತೀರ್ಮಾನ ವಿಳಂಬವಾದ ಕಾರಣದಿಂದ ಅದೇ ನ್ಯಾಯಾಲಯವು ಅದನ್ನು ಮತ್ತೆ ಜೀವಾವಧಿಗೆ ಇಳಿಸಿತು. ಇತ್ತ ಕಾರ್ಯಪಡೆಗಳ ಅತಿರೇಕಗಳ ಬಗ್ಗೆ ಬಂದ ದೂರುಗಳನ್ನು ವಿಚಾರಿಸಲು ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗವು 1999ರಲ್ಲಿ ನ್ಯಾಯಮೂರ್ತಿ ಎ. ಜೆ. ಸದಾಶಿವ ಅವರ ನೇತೃತ್ವದಲ್ಲಿ ಸಮಿತಿಯನ್ನು ನೇಮಿಸಿತು. ಅದರ ವರದಿಯ ಆಧಾರದ ಮೇಲೆ 2007ರ ಜನವರಿಯಲ್ಲಿ 89 ಮಂದಿ ಸಂತ್ರಸ್ತರಿಗೆ ಒಟ್ಟು 2.80 ಕೋಟಿ ರೂಪಾಯಿಗಳ ಪರಿಹಾರವನ್ನು ಆಯೋಗವು ಶಿಫಾರಸು ಮಾಡಿತು. ಮಲೆ ಮಹದೇಶ್ವರ ಬೆಟ್ಟದಲ್ಲಿ ಕಾರ್ಯಪಡೆಯ ವಿಚಾರಣಾಶಿಬಿರಕ್ಕೆ ‘ವರ್ಕ್‌ಷಾಪ್’ ಎಂಬ ಹೆಸರು ಬಂದುದು ಹೇಗೆಂಬುದನ್ನು ಬೆಟ್ಟದ ತಪ್ಪಲಿನ ಹಳ್ಳಿಗಳವರು ಇಂದೂ ತಗ್ಗಿದ ದನಿಯಲ್ಲಿ ಹೇಳುತ್ತಾರೆ. ವಿದ್ಯುಚ್ಚೋರನ ಕಥೆಯನ್ನು ಮೇಲೆ ಸ್ವಲ್ಪ ವಿಸ್ತಾರವಾಗಿ ಹೇಳಿದುದು ಇದಕ್ಕಾಗಿಯೇ. ದಂಡನೆಯಿಂದ ಸತ್ಯ ಬರುತ್ತದೆಂದು ಪ್ರತಿ ರಾತ್ರಿಯೂ ತೋರಿಸುವ ಧಾರಾವಾಹಿಯು ಈ 89 ಮಂದಿಯ ಕಥೆಯನ್ನು ಹೇಳಲಾರದು. ಹೇಳಹೊರಟರೆ ತನ್ನ ಇನ್‌ಸ್ಪೆಕ್ಟರನನ್ನೇ ಅದು ಕಟಕಟೆಗೆ ತರಬೇಕಾಗುತ್ತದೆ.

ಇಷ್ಟು ಹೇಳಿದ ಮೇಲೆ, ಉದ್ದವಾದ ಕಥೆಯನ್ನು ಜನ ಸಹಿಸುವುದಿಲ್ಲ, ಸಂಕೀರ್ಣತೆ ಅವರಿಗೆ ಹಿಡಿಸದು ಎಂಬ ವಾಹಿನಿಗಳವರ ಸಮಾಧಾನವನ್ನೂ ಪರೀಕ್ಷಿಸಬೇಕು. ಈ ಸೀಮೆಯ ಮಟ್ಟಿಗೆ ಇದು ನಿಲ್ಲುವ ಮಾತಲ್ಲ. ಮಲೆಯ ಮಾದೇಶ್ವರನ ಕಾವ್ಯವನ್ನು ದೇವರ ಗುಡ್ಡರು ಕಂಸಾಳೆ ಹಿಡಿದು ರಾತ್ರಿಯೆಲ್ಲ ಹಾಡಿದ್ದಾರೆ. ಜನ ಬೆಳಗಿನವರೆಗೆ ಕುಳಿತು ಕೇಳಿದ್ದಾರೆ. ಆ ಕಾವ್ಯ ‘ಸಾಲು’ಗಳಾಗಿ ವಿಂಗಡವಾಗಿದೆ, ಇಂದಿನವರು ಕಂತು ಎನ್ನುವುದಕ್ಕೆ ಅಂದಿನವರ ಮಾತು ಅದು. ಸಂಕಮ್ಮನ ಸಾಲನ್ನು ನೋಡಿ. ಬೇಡರ ನೀಲೇಗೌಡ ಕಾಡಿಗೆ ಹೊರಡುವ ಮುನ್ನ ಹೆಂಡತಿಯಿಂದ ಭಾಷೆ ಕೇಳುತ್ತಾನೆ, ಅವಳು ಕೊಡುವುದಿಲ್ಲ, ಅವನು ಹಿಂಸಿಸುತ್ತಾನೆ. ಗಂಡನು ಹೆಂಡತಿಯ ಮೇಲೆ ನಡೆಸುವ ಅಪರಾಧವಿದು. ಯಾರು ಮಾಡಿದರೆಂಬ ಗುಟ್ಟು ಅಲ್ಲಿ ಇಲ್ಲ. ಕಥೆಯನ್ನು ಕೇಳುಗರೆಲ್ಲರೂ ಮುಂಚೆಯೇ ಬಲ್ಲರು. ಆದರೂ ಹಾಡುವವರು ಭಾಷೆ ಕೇಳುವ ಸಂದರ್ಭವನ್ನು ಬೆಳಸಿ ಬೆಳಸಿ, ಸಂಶಯವು ಮನುಷ್ಯನೊಳಗೆ ಹೇಗೆ ಹೊಕ್ಕಿತು, ಅವಳು ಒಂದು ಮಾತು ಕೊಟ್ಟು ಪಾರಾಗಬಹುದಿದ್ದರೂ ಕೊಡದೆ ನಿಂತುದೇಕೆ ಎಂಬಲ್ಲಿಗೆ ಕೇಳುಗರನ್ನು ಕಟ್ಟಿಹಾಕುತ್ತಾರೆ. ಅಜ್ಜಿಯರು ಅಳುವುದು ಅಲ್ಲಿ. ಹೊಡೆದ ಏಟುಗಳ ಎಣಿಕೆಗಾಗಿ ಯಾರೂ ನಿದ್ದೆಗೆಟ್ಟಿಲ್ಲ. ಇಂತಹ ಕೇಳುಗರ ಮಕ್ಕಳಿಗೆ ಸಂಕೀರ್ಣತೆ ಹಿಡಿಸದೆಂದು ಮಹಾನಗರದ ಕೊಠಡಿಯಲ್ಲಿ ಕುಳಿತು ನಿಶ್ಚಯಿಸುವುದು ತೀರ ವಿಚಿತ್ರ.

ನಿರ್ಮಾಪಕರ ಪಕ್ಷದಲ್ಲಿ ಹೇಳಬೇಕಾದುದೂ ಇಲ್ಲದಿಲ್ಲ. ಸಂಬಂಧಪಟ್ಟವರಲ್ಲಿ ಅನೇಕರು ಇನ್ನೂ ಬದುಕಿದ್ದಾರೆ. ಮಾನಹಾನಿಯ ದಾವೆಯ ಭಯವುಂಟು. ಪೊಲೀಸರ ಸಹಕಾರವಿಲ್ಲದೆ ದಾಖಲೆ ಸಿಕ್ಕದು, ಸಹಕಾರ ಪಡೆದ ಮೇಲೆ ವಿಮರ್ಶೆಗೆ ಬಾಯಿ ಬಾರದು. 2023ರ ಸಾಕ್ಷ್ಯಚಿತ್ರಮಾಲೆಗಳು ಈ ಇಕ್ಕಟ್ಟಿನಿಂದ ಸ್ವಲ್ಪಮಟ್ಟಿಗೆ ಪಾರಾದುವು. ಅವುಗಳಲ್ಲಿ ಸೆಲ್ವಮಣಿ ಸೆಲ್ವರಾಜ್ ನಿರ್ದೇಶಿಸಿದ ನಾಲ್ಕು ಕಂತುಗಳ ಮಾಲೆ ವೀರಪ್ಪನ ಪತ್ನಿಯನ್ನೂ ಅವನನ್ನು ಬೆನ್ನಟ್ಟಿದ ಅಧಿಕಾರಿಗಳನ್ನೂ ಒಂದೇ ಕಥೆಯೊಳಗೆ ಮಾತಾಡಿಸಿತು. ಒಬ್ಬರ ಮಾತು ಇನ್ನೊಬ್ಬರದಕ್ಕೆ ಹೊಂದದ ಕಡೆಗಳಲ್ಲಿ ನೋಡುವವನು ತಾನೇ ಪಂಚನಾಗಬೇಕಾಗುತ್ತದೆ. ನಟರಿಲ್ಲದ ಆ ನಿರೂಪಣೆಯಲ್ಲಿ ಕಥೆ ಹೆಚ್ಚು ಗಟ್ಟಿಯಾಗಿತ್ತೆಂದು ಧನಗೆರೆಯ ಕಿರಿಯರೂ ಒಪ್ಪಿದರು. ಹಿರಿಯರಿಗೆ ಅಲ್ಲಿಯೂ ಒಂದು ಆಕ್ಷೇಪಣೆ ಉಳಿಯಿತು: ದೊಡ್ಡವರು ಮಾತಾಡಿದರು, ರಾಮಾಪುರದಲ್ಲಿ ಸತ್ತ ಪೇದೆಗಳ ಮನೆಯವರು ಎಲ್ಲಿ?

ನಮ್ಮ ಕಾಲೇಜುಗಳ ವಿದ್ಯಾರ್ಥಿಗಳಿಗೆ ಇದರಲ್ಲಿ ಕೆಲಸ ಬೇಕಾದಷ್ಟಿದೆ. ಅಬ್ದುಲ್ ಕರೀಂ ಪ್ರಕರಣದ ತೀರ್ಪು, 2004ರ ಮತ್ತು 2014ರ ತೀರ್ಪುಗಳು ಯಾರಿಗಾದರೂ ದೊರೆಯುತ್ತವೆ. ಅವನ್ನು ಆಯಾ ದಿನಗಳ ಮೈಸೂರು, ಬೆಂಗಳೂರು, ಕೊಯಮತ್ತೂರುಗಳ ಪತ್ರಿಕೆಗಳೊಡನೆ ಇಟ್ಟು ಓದಿದರೆ ಒಂದೇ ಘಟನೆ ಗಡಿಯ ಈಚೆ ಹೇಗೆ ಬರೆಯಲ್ಪಟ್ಟಿತು, ಆಚೆ ಹೇಗೆ ಎಂಬುದು ಕಾಣುತ್ತದೆ. ಇದಕ್ಕೆ ತಮಿಳು ಬಲ್ಲವರು ಬೇಕು. ಹನೂರು ಕಡೆಯಿಂದ ಬರುವ ವಿದ್ಯಾರ್ಥಿಗಳಲ್ಲಿ ಎರಡೂ ಭಾಷೆ ಬಲ್ಲವರಿಗೆ ಕೊರತೆಯಿಲ್ಲ. ರಾಮಾಪುರ, ಮೀಣ್ಯಂ, ಗೋಪಿನಾಥಂ, ಕಾಮಗೆರೆ, ಮಾರ್ಟಳ್ಳಿಗಳಲ್ಲಿ ಆ ಕಾಲವನ್ನು ಕಂಡವರ ಹೇಳಿಕೆಗಳನ್ನು ಅವರವರ ಮಾತಿನಲ್ಲಿಯೇ ಬರೆದುಕೊಳ್ಳುವಾಗ, ಮೊದಲು ಕೇಳಬೇಕಾದುದು ಕಾಡುಗಳ್ಳನನ್ನು ನೋಡಿದ್ದೀರಾ ಎಂದಲ್ಲ. ಆ ವರ್ಷ ಬಸ್ಸು ಎಷ್ಟು ಹೊತ್ತಿಗೆ ನಿಲ್ಲುತ್ತಿತ್ತು, ಸೌದೆ ಎಲ್ಲಿಂದ ತರುತ್ತಿದ್ದಿರಿ, ಠಾಣೆಗೆ ಕರೆದಾಗ ಜೊತೆಗೆ ಯಾರು ಹೋದರು ಎಂಬಲ್ಲಿಂದ ತೊಡಗಿದರೆ ಉಳಿದುದನ್ನು ಅವರೇ ಹೇಳುತ್ತಾರೆ.